ಪುಸ್ತಕದಲ್ಲಿ ಇಲ್ಲದ ಪ್ರಶ್ನೆ

ಒದ್ದೆ ಬಟ್ಟೆಯಿಂದ ಕರಿಹಲಗೆ ಒರೆಸಿದಾಗ ಎದ್ದ ವಾಸನೆ ಖಾನಾಪುರದ ಹಂಚಿನ ಭಟ್ಟಿಯ ಹಸಿಮಣ್ಣಿನದು. ಚಿಕ್ಕಂದಿನಲ್ಲಿ ಶಿವಬಸವ್ವ ಆ ವಾಸನೆಗೆ ಶಾಲೆಯ ದಾರಿಯಲ್ಲೇ ನಿಂತುಬಿಡುತ್ತಿದ್ದಳು. ಇವತ್ತು ವಾಸನೆ ಬಂತು, ಹೋಯಿತು. ಒಳಗೆ ಏನೂ ಅಲುಗಲಿಲ್ಲ.

ಗಂಡ ಗುರುಪುತ್ರಪ್ಪ ತೀರಿಕೊಂಡು ನಲವತ್ತು ದಿನವಾಗಿತ್ತು. ಎಂಬತ್ತೊಂದರ ಆ ಮಳೆಗಾಲದಲ್ಲಿ ಅವಳು ಮನೆಯಿಂದ ಹೊರಬೀಳುತ್ತಿದ್ದದ್ದು ಶಿವಬಸವ ನಗರದ ಈ ಹೆಂಗಸರಿಗೆ ಇಂಗ್ಲಿಷ್ ಕಲಿಸುವ ವರ್ಗಕ್ಕೆ ಮಾತ್ರ. ಅದೂ ಇವತ್ತಿಗೆ ಮುಗಿಯಬಹುದಿತ್ತು. ಕಲಿತವರು ಉತ್ತರ ಒಪ್ಪಿಸಿದರೆ ಸಾಲದು, ತಾವಾಗಿ ಪ್ರಶ್ನೆ ಕೇಳಬೇಕು, ಇಲ್ಲದಿದ್ದರೆ ಕೋಣೆಯನ್ನು ಹೊಲಿಗೆ ವರ್ಗಕ್ಕೆ ಕೊಡುತ್ತೇವೆ ಎಂದಿದ್ದ, ವರ್ಗಕ್ಕೆ ಜಾಗ ಕೊಟ್ಟ ಸಂಘದ ಚನ್ನಬಸಯ್ಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಒಬ್ಬೊಬ್ಬರು ನನಗೊಂದು ಪ್ರಶ್ನಿ ಕೇಳ್ರಿ. ಏನರ ಕೇಳ್ರಿ," ಎಂದಳು ಶಿವಬಸವ್ವ.

ಏಳು ಹೆಂಗಸರೂ ಸೆರಗು ಸರಿಮಾಡಿಕೊಂಡರು.

"ನಳದ ಕಡೆ ನಿನ್ನ ಬಾಯಿ ನಿಲ್ಲೂದಿಲ್ಲ. ಈಗೇನಾತಬೇ ಕಾಶವ್ವ?" ನಿಂಗವ್ವ ತಿವಿದಳು.

"ನೀ ಕೇಳಲಾ, ನಿನ್ನ ಬಾಯಿಗೇನ ಕೀಲಿ ಹಾಕ್ಯಾರೇನ?" ಎಂದ ಕಾಶವ್ವ ದನಿ ತಗ್ಗಿಸಿದಳು. "ಗಂಡ ಎಲ್ಲದಾನ, ಮನಿಗಿ ಯಾವಾಗ ಬರ್ತಾನ, ಪುಸ್ತಕದಾಗ ಇರೂವು ಇವ ಪ್ರಶ್ನಿ. ಅಕ್ಕಾರ ಮುಂದ ಹೆಂಗ ಅನ್ನೂದ?"

ಪಿಸುಮಾತು ಶಿವಬಸವ್ವನಿಗೆ ಕೇಳಿಸಿತು. ವರ್ಗ ಮತ್ತೆ ಶುರುವಾದ ಎರಡು ವಾರದಿಂದ ಇವರು ಪ್ರಶ್ನೆ ಕೇಳದೆ ಏಕಿದ್ದರೆಂದು ಈಗ ತಿಳಿಯಿತು. ಕೈಯಲ್ಲಿ ಹಲಗೆಗೆ ಬರೆಯುವ ಖಡು ಹಾಗೇ ಇತ್ತು.

ಚನ್ನಬಸಯ್ಯ ಕನ್ನಡಕ ತೆಗೆದು ಎದ್ದರು. "ಹಂಗಾದ್ರ ಅಕ್ಕಾರ..."

ಕಾಶವ್ವ ದಡಕ್ಕನೆ ಎದ್ದಳು. ಒಂದೊಂದೇ ಮಾತು ಹುಡುಕಿ ಜೋಡಿಸಿದಳು.

"ಅಕ್ಕಾರ, ಡಿಡ್... ಯು... ಈಟ್?"

ನಲವತ್ತು ದಿನ ಓಣಿಯವರೆಲ್ಲ "ಊಟ ಆತೇನ್ರಿ" ಎಂದು ಇದನ್ನೇ ಕೇಳಿದ್ದರು, ಶಿವಬಸವ್ವ "ಆತ್ರಿ" ಎನ್ನುತ್ತ ಮುಂದೆ ಹೋಗಿದ್ದಳು. ಇಂಗ್ಲಿಷಿನಲ್ಲಿ ಹಾಗೆ ಸುಳ್ಳು ಹೇಳಿ ಅವಳಿಗೆ ರೂಢಿಯಿರಲಿಲ್ಲ.

"ನೋ," ಎಂದಳು.

"ವೈ?" ಹಿಂದಿನಿಂದ ರೇಣವ್ವ ಕೇಳಿದಳು, ಕೇಳಿ ನಾಲಗೆ ಕಚ್ಚಿಕೊಂಡಳು.

ಚನ್ನಬಸಯ್ಯ ಕನ್ನಡಕ ಹಾಕಿಕೊಂಡರು. "ಹೊಲಿಗಿ ಮಷಿನ್ ಬ್ಯಾರೇ ಕಡೆ ಇಡಸ್ತೀನಿ. ನಡೀಲಿ," ಎಂದು ಕೊಡೆ ತೆಗೆದುಕೊಂಡು ಹೊರಟರು.

ಕಾಶವ್ವ ಇಲ್ಲಿಂದ ನೇರ ಆಸ್ಪತ್ರೆಯ ಕೆಲಸಕ್ಕೆ ಹೋಗುವವಳು. ರಾತ್ರಿಯಾಗುವವರೆಗೆ ಮನೆ ಸೇರದ ಅವಳಿಗೆ ಬುತ್ತಿಯೇ ಊಟ. ಚೀಲದಿಂದ ತನ್ನ ಬುತ್ತಿ ತೆಗೆದಳು. ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಸರಿಸಿ, ಗಂಟು ಬಿಚ್ಚಿ, ಎರಡು ರೊಟ್ಟಿಯನ್ನೂ ಹೆಸರುಕಾಳಿನ ಪಲ್ಯವನ್ನೂ ಶಿವಬಸವ್ವನ ಕಡೆ ತಿರುಗಿಸಿಟ್ಟು, ತನ್ನ ಜಾಗಕ್ಕೆ ಹೋಗಿ ಕೂತಳು.