ಹಿರಿಯರು ಏಳುವವರೆಗೆ

"ಊಟ ಆದ್ ಕೂಡ್ಲೆ ಹೊರಡ್ತೆ ಅಪ್ಪಯ್ಯ. ದೋಸ್ತರ ರೂಮಲ್ಲಿ ಇರ್ತೆ," ಎಂದ ಮಾಧವ, ಸಾರನ್ನ ಕಲಸುತ್ತ.

ಬಾಗಿಲ ಬಳಿ ಅವನ ಚೀಲ ಆಗಲೇ ಸಿದ್ಧವಾಗಿತ್ತು. ಬಡಿಸುತ್ತಿದ್ದ ತಾಯಿ ರುಕ್ಮಿಣಿ ಸೌಟನ್ನು ಪಾತ್ರೆಗೇ ಇಳಿಸಿದಳು.

ಬರೋಡಾದ ಅಲ್ಕಾಪುರಿಯ ತಮ್ಮ ಹೋಟೆಲಿನಲ್ಲಿ 'ರಾಜಕೀಯ ಮಾತನಾಡಬಾರದು' ಎಂಬ ಹಲಗೆ ತೂಗುಹಾಕಿದವನು ಅವಳ ಗಂಡ ಪದ್ಮನಾಭ. ಅರವತ್ತೇಳರ ಚುನಾವಣೆ; ಮಗನಿಗೆ ಮೊದಲ ಓಟು. ಬೆಳಿಗ್ಗೆ ಅವನು ಆ ಹಲಗೆಯ ಕೆಳಗೇ ನಿಂತು ಗಿರಾಕಿಗಳಿಗೆ, ಪರ್ಮಿಟ್ ರಾಜ್ಯ ಬೇಡವೆನ್ನುವ ಸ್ವತಂತ್ರ ಪಕ್ಷದ ನಕ್ಷತ್ರದ ಗುರುತಿಗೆ ಒತ್ತಿ ಎಂದಿದ್ದ. ಖಾದಿ ಬಿಟ್ಟು ಬೇರೆ ಉಡದ ಕಾಂಗ್ರೆಸ್ಸಿನ ಅಪ್ಪ ಕೆಂಡವಾಗಿ, ನನ್ನ ಸೂರಿನಡಿ ಇದು ನಡೆಯದು ಎಂದುಬಿಟ್ಟಿದ್ದ.

"ಯಾರ್ ತುಂಬಿದ್ದ್ ಇದೆಲ್ಲ ನಿನ್ ತಲೆಗೆ? ಆ ನಿನ್ ದೋಸ್ತರು, ಶೇಠರ ಮಕ್ಕಳಾ?" ಪಕ್ಕದ ಎಲೆಯಲ್ಲಿ ಉಣ್ಣುತ್ತಿದ್ದ ಪದ್ಮನಾಭ ಕೇಳಿದ.

"ಸಕ್ರೆಗೂ ಪರ್ಮಿಟ್, ಸೀಮೆಎಣ್ಣೆಗೂ ಪರ್ಮಿಟ್ ಅಂತ ನೀವೇ ದಿನಾ ಬೈತ್ರಿ ಅಲ್ದಾ?"

ಹಾಗೆನ್ನುವಾಗ ಗಲ್ಲ ಮೇಲೆತ್ತಿದ ರೀತಿ ಥೇಟ್ ಊರಿನ, ಕೋಟದ ಅಜ್ಜನದು, ಪದ್ಮನಾಭನ ಅಪ್ಪನದು. ಆ ಅಜ್ಜನನ್ನು ಹುಡುಗ ಕಂಡೇ ಇಲ್ಲ. ನೂಲಿನಂತೆ ಸೀರೆ ಅನ್ನುತ್ತಾರೆ. ಇಲ್ಲಿ ನೂಲು ಅಜ್ಜನದೋ, ಬಣ್ಣ ಬರೋಡಾದ್ದೋ, ನೇಯ್ದವನು ದಿನವಿಡೀ ಗೊಣಗುವ ಅಪ್ಪನೋ, ರುಕ್ಮಿಣಿಗೆ ತಿಳಿಯಲಿಲ್ಲ.

ಪಂಕ್ತಿಯಲ್ಲಿ ಹಿರಿಯರು ಏಳುವವರೆಗೆ ಯಾರೂ ಏಳಬಾರದು. ಊರಿನ ಈ ಕ್ರಮವನ್ನು ಅವರು ಇಲ್ಲಿಗೂ ತಂದಿದ್ದರು. ಅದನ್ನು ಮುರಿದವನು ಒಬ್ಬನೇ, ಪದ್ಮನಾಭ. ನಲವತ್ತೆರಡರಲ್ಲಿ ಅವನ ಅಪ್ಪ ಚಳವಳಿಯವರನ್ನು ಹಳಿದಾಗ ಅರ್ಧ ಊಟಕ್ಕೇ ಎದ್ದು ಕೈ ತೊಳೆದು ಊರನ್ನೇ ಬಿಟ್ಟಿದ್ದ. ಅಂದು ಬಡಿಸುತ್ತಿದ್ದವಳು ಹೊಸ ಮದುಮಗಳು ರುಕ್ಮಿಣಿ. ಮುದುಕ ಕರೆಯಲಿಲ್ಲ, ಇವನು ತಿರುಗಿ ನೋಡಲಿಲ್ಲ. ಮತ್ತೆ ಊರಿಗೆ ಹೋದದ್ದು ಮುದುಕನ ತಿಥಿಗೆ. ಗಂಡಸರ ಹಟಕ್ಕಿಷ್ಟು ಬೆಂಕಿ ಬೀಳಲಿ ಎಂದುಕೊಂಡಳು.

ಮಜ್ಜಿಗೆಯನ್ನ ಮುಗಿಸಿ ಮಾಧವ ಅಪ್ಪನ ಎಲೆಯತ್ತ ನೋಡಿದ. ಅದೂ ಖಾಲಿಯಾಗಿತ್ತು.

"ಸ್ವಲ್ಪ ಅನ್ನ ಹಾಕ್," ಎಂದ ಪದ್ಮನಾಭ.

ಮಜ್ಜಿಗೆಯಾದ ಮೇಲೆ ಅನ್ನ ಕೇಳಿದವನೇ ಅಲ್ಲ. ರುಕ್ಮಿಣಿ ಹಾಕಿದಳು. ತಲೆ ತಗ್ಗಿಸಿ ನಿಧಾನ ಉಂಡ. ಮತ್ತೆ ಕೇಳಿದ.

"ಅಪ್ಪಯ್ಯ, ದೋಸ್ತರು ಕಾಯ್ತಿದ್ರ್."

"ಕಾಯ್ಲಿ. ನನ್ನ್ ಊಟ ಇನ್ನೂ ಆಯ್ಲಿಲ್ಲ."

ಮಾಧವನ ಬೆರಳಲ್ಲಿ ಅಗುಳು ಒಣಗಿ ಅಂಟಿಕೊಂಡಿತ್ತು. ಎಡಗೈ ನೆಲಕ್ಕೂರಿದ, ಮತ್ತೆ ತೆಗೆದ. ಏಳಲಿಲ್ಲ.

ರುಕ್ಮಿಣಿ ಒಳಗೆ ಹೋಗಿ ಅನ್ನದ ಪಾತ್ರೆಯನ್ನೇ ತಂದು ಇಬ್ಬರ ಎಲೆಗಳ ನಡುವೆ ಇಟ್ಟು, ಸೌಟು ಹಿಡಿದು ಕೂತಳು.