ನೀಲಿ ಪಿನ್ನಿನ ಹಬ್

ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ ಇದ್ದೆವು. ಬಾಡಿಗೆಯ ಕುರ್ಚಿಗಳನ್ನು ಹಿಂದಿನ ಸಂಜೆಯೇ ಗಾಡಿಗೆ ಹಾಕಿಕೊಂಡು ಹೋಗಿದ್ದರು. ಡೈರಿಗೆ ಹಾಲು ಹಾಕಿ ಬಂದ ಅತ್ತೆ ಕ್ಯಾನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದರು. ಉಪ್ಪಿಟ್ಟು ತಿಂದೆವು. ಶನಿವಾರ.

ಲ್ಯಾಪ್‌ಟಾಪ್ ತೆಗೆದೆ. ಮಾರ್ಗದರ್ಶಕರ ಮೇಲ್ ಬಂದು ಮೂರು ದಿನವಾಗಿತ್ತು. ಮೊದಲ ಸಾಲಿನಲ್ಲಿ ಸಂತಾಪ. ಎರಡನೆಯದರಲ್ಲಿ, ಗುರುವಾರ ಹನ್ನೊಂದು ಗಂಟೆಗೆ ವಿಭಾಗದಲ್ಲಿ ನನ್ನ ಪ್ರಬಂಧದ ಮಂಡನೆ. ಈಗಾಗಲೇ ಎರಡು ಸಲ ಮುಂದೂಡಿದ್ದಾಗಿದೆ, ಈ ಸಲ ತಪ್ಪಿದರೆ ನೋಂದಣಿ ರದ್ದಾಗುತ್ತದೆ, ತಾವೇನೂ ಮಾಡುವಂತಿಲ್ಲ ಎಂದು ಬರೆದಿದ್ದರು.

ನನ್ನ ಪಿಎಚ್.ಡಿ. ಈ ಕಡೆಯ ಕೆರೆಗಳ ತೂಬುಗಳ ಬಗ್ಗೆ. ನೀರು ಬಿಡುವ ಜಾಗದಲ್ಲಿ ನಿಲ್ಲಿಸಿರುವ ಕಲ್ಲಿನ ಕಂಬಗಳು, ಅವುಗಳ ಮೇಲಿನ ಕೆತ್ತನೆ. ದಿಬ್ಬೂರಹಳ್ಳಿಯಿಂದ ಮಂಡಿಕಲ್‌ವರೆಗೆ ನೂರ ನಲವತ್ತಮೂರು ಫೋಟೊ. ಎಲ್ಲವನ್ನೂ ತೆಗೆದದ್ದು ಚೈತನ್ಯ, ಭಾನುವಾರಗಳಲ್ಲಿ. ಅವನ್ನು ಪರದೆಯ ಮೇಲೆ ತೋರಿಸದೆ ಹೇಳುವುದಕ್ಕೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ.

ಚೈತನ್ಯ ನನ್ನ ಗಂಡ. ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ. ಮೂವತ್ನಾಲ್ಕು ವರ್ಷ. ಸ್ಟಾಫ್ ರೂಮಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಲ್ಯಾಪ್‌ಟಾಪ್ ಇಬ್ಬರಿಗೂ ಒಂದೇ. ತೆಳ್ಳಗಿದೆ ಎಂದು ಅವನು ಆರಿಸಿದ್ದು. ಪಕ್ಕದಲ್ಲಿ ಟೈಪ್-ಸಿ ಎನ್ನುವ ಎರಡು ಸಣ್ಣ ಕಿಂಡಿ ಬಿಟ್ಟರೆ ಬೇರೇನೂ ಇಲ್ಲ. ಅದರಲ್ಲೂ ಒಂದು ಕಳೆದ ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿತ್ತು. ಬ್ಯಾಟರಿ ಹತ್ತು ನಿಮಿಷ ನಿಲ್ಲುವುದಿಲ್ಲ. ಉಳಿದ ಒಂದೇ ಕಿಂಡಿಗೆ ಬೆರಳುದ್ದದ ಕಪ್ಪು ಹಬ್ ಒಂದು ನೇತಾಡುತ್ತಿತ್ತು. ಚಾರ್ಜರ್, ಪೆನ್‌ಡ್ರೈವ್, ಪ್ರೊಜೆಕ್ಟರ್ ಎಲ್ಲವನ್ನೂ ಅದಕ್ಕೇ ಚುಚ್ಚಬೇಕು. ಅದು ಲ್ಯಾಪ್‌ಟಾಪಿನ ಜೊತೆಗೇ ಬಂದದ್ದು ಎಂದು ನಾನು ತಿಳಿದಿದ್ದೆ.

ಹತ್ತು ಗಂಟೆಗೆ ಮುರಳಿಮೋಹನ್ ಫೋನ್ ಮಾಡಿದರು. ಚೈತನ್ಯನ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮೇಷ್ಟ್ರು. ತಿಂಡಿ ಆಯಿತಾ ಎಂದು ಎರಡು ಸಲ ಕೇಳಿದರು.

“ಮೇಡಂ, ಕೇಳಬಾರದು ಈಗ. ಒಂದು ಕರಿ ಹಬ್ ಇದೆಯಾ ಅಲ್ಲಿ? ಕಾಲೇಜಿಂದು. ಸಾರ್ ಒಂದ್ ವಾರಕ್ಕೆ ಅಂತ ನನ್ ಹತ್ರ ಇಸ್ಕೊಂಡಿದ್ರು.”

ಯಾವಾಗ ಎಂದು ಕೇಳಿದೆ.

“ಎಂಟು ತಿಂಗಳಾಯ್ತು.”

ಗುರುವಾರ ಕಾಲೇಜಿಗೆ ತಪಾಸಣೆಯವರು ಬರುತ್ತಾರಂತೆ. ಸ್ಮಾರ್ಟ್ ಬೋರ್ಡಿನ ಜೊತೆ ಕೊಟ್ಟ ಸಾಮಾನೆಲ್ಲ ತೋರಿಸಬೇಕು, ಅವು ಇವರ ಜವಾಬ್ದಾರಿಯಲ್ಲಿವೆ. ಇಷ್ಟು ಹೇಳಿದವರು ತಕ್ಷಣ, ಬೇಡ ಬೇಡ, ನೀವೇ ಇಟ್ಟುಕೊಳ್ಳಿ, ನಾನು ಏನಾದರೂ ಹೇಳಿಕೊಳ್ಳುತ್ತೇನೆ ಎಂದರು. ನನಗೂ ಅದು ಗುರುವಾರವೇ ಬೇಕಿತ್ತು. ಹೇಳಲಿಲ್ಲ. ಬುಧವಾರ ತಂದುಕೊಡುತ್ತೇನೆ ಎಂದೆ.

ಅತ್ತೆಗೆ ಇದು ದೊಡ್ಡ ವಿಷಯವಾಯಿತು. ಹೋದವರು ಯಾರ ಹತ್ತಿರವಾದರೂ ಕೇಳಿ ತಂದದ್ದಿದ್ದರೆ ಹನ್ನೊಂದನೇ ದಿನದೊಳಗೆ ಅವರ ಮನೆ ಸೇರಬೇಕು. ಅತ್ತೆ ನಾಲ್ಕನೇ ದಿನವೇ ಮನೆಯೆಲ್ಲ ಹುಡುಕಿ ಒಬ್ಬರ ಏಣಿ, ಇನ್ನೊಬ್ಬರ ಔಷಧಿ ಹೊಡೆಯುವ ಕ್ಯಾನು, ಒಂದು ರೇನ್‌ಕೋಟು ಕಳಿಸಿದ್ದರು. ಹಬ್ ಅವರ ಕಣ್ಣಿಗೂ ಲ್ಯಾಪ್‌ಟಾಪಿನ ಬಾಲದಂತೆ ಕಂಡಿತ್ತು.

“ಇದೊಂದು ಉಳ್ಕೊಂಡ್‌ಬಿಡ್ತಲ್ಲಮ್ಮ ಹರಿತಾ,” ಎಂದರು. “ಅದ್ನ ಕೊಟ್ಟು ನೀನ್ ಬೇರೇದ್ ತಗೊ. ಚಿಂತಾಮಣೀಲಿ ಸಿಗಲ್ವಾ?”

ಸಿಗುತ್ತೆ ಎಂದೆ.

ತಿಂಗಳು ತುಂಬುವವರೆಗೆ ನಾನು ಇನ್ನೊಬ್ಬರ ಹೊಸ್ತಿಲು ದಾಟುವಂತಿಲ್ಲ. ಅಂಗಡಿ ಅದಕ್ಕೆ ಸೇರುವುದಿಲ್ಲ ಎಂದು ಅತ್ತೆಯೇ ತೀರ್ಮಾನಿಸಿದರು. ನಮ್ಮೂರು ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಗೆ ಬಸ್ಸಿನಲ್ಲಿ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಚಲಪತಿ ಎಂಬವನ ಅಂಗಡಿ. ನಾಲ್ಕು ಕಿಂಡಿಯದು, ಆರರದು, ಎಂಟರದು, ಎಲ್ಲವನ್ನೂ ಗಾಜಿನ ಮೇಲೆ ಸಾಲಾಗಿ ಇಟ್ಟ.

“ಏನೇನ್ ಚುಚ್ಬೇಕು ಮೇಡಂ?”

ಚಾರ್ಜರ್, ಪ್ರೊಜೆಕ್ಟರ್ ಎಂದೆ. ಎಷ್ಟು ವ್ಯಾಟಿನ ಚಾರ್ಜರ್, ಎಂಥ ಪ್ರೊಜೆಕ್ಟರ್ ಎಂದು ಕೇಳಿದ. ಗೊತ್ತಿರಲಿಲ್ಲ. ಒಂದೊಂದನ್ನೂ ಎತ್ತಿ ನೋಡಿದೆ. ಎಲ್ಲವೂ ಒಂದೇ ಥರ ಇದ್ದವು.

“ಸಾರ್‌ಗೆ ಒಂದ್ ಫೋನ್ ಮಾಡ್ಕೊಡಿ, ನಾನೇ ಕೇಳ್ಕೊಂತೀನಿ.”

“ಅವರು ಊರಲ್ಲಿಲ್ಲ,” ಎಂದೆ.

ನಾಲ್ಕು ಕಡಿಮೆಯಾದೀತು, ಎಂಟು ಹೆಚ್ಚಾದೀತು ಅನ್ನಿಸಿ ಆರರದನ್ನು ತಂದೆ.

ಅದು ಕೆಲಸ ಮಾಡುತ್ತದೆಯೇ ಎಂದು ನೋಡಲು ಮನೆಯಲ್ಲಿದ್ದದ್ದು ಟಿವಿ ಒಂದೇ. ಅದನ್ನೂ ತಿಂಗಳವರೆಗೆ ಹಾಕುವಂತಿಲ್ಲ. ಅತ್ತೆ ಅದಕ್ಕೆ ಪಂಚೆ ಹೊದಿಸಿದ್ದರು. ಪಾಠಕ್ಕೆ ಎಂದೆ. ಸೌಂಡು ಬೇಡ ಎಂದು ಅತ್ತೆ ಪಂಚೆಯನ್ನು ತಾವೇ ಮೇಲಕ್ಕೆ ಮಡಿಸಿದರು.

ಚಿತ್ರ ಬಂತು. ನನ್ನ ಕೆರೆಗಳಲ್ಲ. ಚೈತನ್ಯ ಮುಚ್ಚದೆ ಬಿಟ್ಟಿದ್ದ ಒಂದು ಪಟ್ಟಿ, ಟಿವಿಯ ತುಂಬ. ಎಡಕ್ಕೆ ಹದಿನಾಲ್ಕು ಹಬ್‌ಗಳ ಹೆಸರು. ಮುಂದೆ, ಕಿಂಡಿ ಎಷ್ಟು, ಬಿಸಿಯಾಗುತ್ತದೆಯೇ, ತಂತಿ ಎಷ್ಟುದ್ದ, ಮುರಳಿಯದಕ್ಕಿಂತ ಹೇಗೆ. ಒಂದರ ಎದುರು ‘ಕೇರಳದವನೊಬ್ಬ ಮೂರೇ ತಿಂಗಳು ಬಂತು ಅನ್ನುತ್ತಾನೆ’ ಎಂದಿತ್ತು. ಇನ್ನೊಂದರ ಎದುರು ‘ಚೆನ್ನಾಗಿದೆ, ಆದರೆ’ ಎಂದಷ್ಟೇ. ಒಂದು ವಾರಕ್ಕೆಂದು ತಂದದ್ದು ಎಂಟು ತಿಂಗಳು ಯಾಕಾಯಿತೆಂದು ತಿಳಿಯಿತು. ಕೊನೆಯ ಅಂಕಣಕ್ಕೆ ‘ತೀರ್ಮಾನ’ ಎಂದು ತಲೆಬರಹ ಕೊಟ್ಟಿದ್ದ. ಅದು ಮೇಲಿನಿಂದ ಕೆಳಗಿನವರೆಗೆ ಖಾಲಿ.

ಅತ್ತೆ ಹಿಂದೆ ನಿಂತಿದ್ದರು. ಏನಮ್ಮ ಅದು ಎಂದು ಕೇಳಿದರು.

“ಇವುಗಳಲ್ಲಿ ಒಂದು ತಗೋಬೇಕು ಅಂತ ನೋಡ್ತಾ ಇದ್ರು ಅತ್ತೆ.”

“ಯಾವ್ದ್ ತಗೊಂಡ?”

“ಯಾವ್ದೂ ಇಲ್ಲ.”

ಅತ್ತೆ ಹತ್ತಿರ ಬಂದು ಓದಲು ಬಾರದ ಆ ಅಕ್ಷರಗಳನ್ನು ನೋಡುತ್ತ ನಿಂತರು. “ಚಪ್ಲಿ ತಗೊಳಕ್ ಹೋದ್ರೂ ಹಿಂಗೇ ಕಣಮ್ಮ ಅವ್ನು. ನಾಲ್ಕಂಗಡಿ ತಿರುಗ್ಸಿ ಬರಿಗಾಲಲ್ಲಿ ಬರೋನು.”

ಅಷ್ಟರಲ್ಲಿ ಟಿವಿ ಕಪ್ಪಾಯಿತು. ಲ್ಯಾಪ್‌ಟಾಪೂ ಕಪ್ಪಾಯಿತು. ಏನಾಯಿತು ಎಂದು ಅತ್ತೆ ಗಾಬರಿಯಾದರು. ಚಾರ್ಜ್ ಮುಗಿಯಿತು ಎಂದೆ. ಹೊಸ ಹಬ್ಬಿನಲ್ಲಿ ಚಾರ್ಜರ್ ಹಿಡಿಯುವ ಕಿಂಡಿಯೇನೋ ಇತ್ತು. ಕರೆಂಟು ಅದರಿಂದ ಲ್ಯಾಪ್‌ಟಾಪಿಗೆ ದಾಟುತ್ತಿರಲಿಲ್ಲ.

ಹದಿನಾಲ್ಕರಲ್ಲಿ ಒಂದನ್ನು ತರಿಸೋಣವೆಂದು ಫೋನಿನಲ್ಲಿ ನೋಡಿದೆ. ನಮ್ಮೂರಿಗೆ ಬರುವುದು ಶುಕ್ರವಾರ.

ಸೋಮವಾರ ಚಲಪತಿ ಬೇಸರಪಡದೆ ಎಂಟರದನ್ನು ಬದಲಿಸಿಕೊಟ್ಟ. ಚಾರ್ಜೂ ಆಯಿತು, ಟಿವಿಯಲ್ಲಿ ತೂಬುಗಳೂ ಬಂದವು. ಒಂದು ಕೆಲಸ ಮುಗಿಯಿತು ಎಂದುಕೊಂಡೆ. ಪ್ರೊಜೆಕ್ಟರ್ ಎಂಥದ್ದೆಂದು ಅವನು ಕೇಳಿದ್ದು ನೆನಪಾಗಿ ಮಂಗಳವಾರ ವಿಭಾಗಕ್ಕೆ ಫೋನ್ ಮಾಡಿದೆ. ಅಟೆಂಡರ್ ಕೋನಪ್ಪ ಎತ್ತಿಕೊಂಡರು.

“ನೀಲಿ ಪಿನ್ ಅಮ್ಮ ನಮ್ದು. ಎರಡೂ ಕಡೆ ಸ್ಕ್ರೂ ತಿರುಗಿಸ್ತೀವಲ್ಲ, ಅದು. ಹೊಸಾದು ಬರುತ್ತೆ ಬರುತ್ತೆ ಅಂತ ನಾನು ರಿಟೈರ್ ಆಗೋಕೆ ಬಂದೆ.”

ವಿಭಾಗದ ಕಂಪ್ಯೂಟರ್ ರಿಪೇರಿಗೆ ಹೋಗಿದೆಯಂತೆ. ಎಲ್ಲರೂ ತಮ್ಮದೇ ತರುತ್ತಾರಂತೆ.

ಎಂಟು ಕಿಂಡಿಗಳಲ್ಲಿ ನೀಲಿ ಪಿನ್ನಿನದು ಇರಲಿಲ್ಲ. ಮತ್ತೆ ಬಸ್ಸು ಹತ್ತಿದೆ. ಅಂಥದ್ದನ್ನು ಈಗ ಯಾರೂ ತರಿಸುವುದಿಲ್ಲ ಎಂದ ಚಲಪತಿ, ಹಬ್ಬಿಗೂ ನೀಲಿ ಪಿನ್ನಿಗೂ ನಡುವೆ ಸಿಕ್ಕಿಸುವ ಒಂದು ಗಿಡ್ಡ ತಂತಿ ಹುಡುಕಿ ತೆಗೆದ. ಅಂಗಡಿಯ ಹಳೇ ಮಾನಿಟರಿಗೆ ಹಾಕಿ ನೋಡಿದೆವು. ಚಿತ್ರ ಬಂದು, ಹನ್ನೆರಡು ಎಣಿಸುವಷ್ಟು ಹೊತ್ತು ನಿಂತು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಮಾನಿಟರು ಹಳೇದು, ಅಲ್ಲಿ ನಿಂತರೂ ನಿಲ್ಲಬಹುದು ಎಂದ. ಅಲ್ಲಿಯದೂ ಹಳೆಯದೇ ಎಂದೆ. ಆಗ ಅವನ ಕಣ್ಣು ನನ್ನ ಬ್ಯಾಗಿನಲ್ಲಿದ್ದ ಕಪ್ಪು ಹಬ್ಬಿನ ಮೇಲೆ ಬಿತ್ತು. ಎತ್ತಿ ತಿರುಗಿಸಿದ.

“ಇದ್ರಲ್ಲೇ ಇದೆಯಲ್ಲ ಮೇಡಂ ನೀಲಿ ಪಿನ್ನು. ಇದನ್ನಿಟ್ಕೊಂಡು ಮೂರ್ ದಿನದಿಂದ ಬೇರೇದ್ ಯಾಕ್ ಹುಡುಕ್ತಿದೀರಾ?”

ಅದು ನಮ್ಮದಲ್ಲ ಎಂದೆ. ಸಾರ್ ಇನ್ನೂ ಬಂದಿಲ್ಲವೇ ಎಂದು ಕೇಳಿದ. ಇಲ್ಲ ಎಂದೆ. ತಂತಿಯನ್ನು ತೆಗೆದುಕೊಂಡೆ. ಬಿಡುವುದಕ್ಕೂ ಕಾರಣ ತೋಚಲಿಲ್ಲ.

ಬೇರೆ ಯಾರ ಲ್ಯಾಪ್‌ಟಾಪನ್ನಾದರೂ ಕೇಳಬಹುದಿತ್ತು. ಯಾರಿಗೆ ಫೋನ್ ಮಾಡಿದರೂ ಮೊದಲು ಅವರ ಅಳು ಕೇಳಬೇಕಿತ್ತು.

ಸಂಜೆ ಅತ್ತೆ ತಾವಾಗಿಯೇ ವಿಚಾರಿಸಿದರು. ಹೇಳಿದೆ. ಹಸುವಿಗೆ ಹುಲ್ಲು ಹಾಕಿ ಬಂದು, ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು.

“ಎಂಟ್ ತಿಂಗ್ಳು ಅವ್ನಿಟ್ಕೊಂಡಿದ್ದ. ಇನ್ನೆರಡ್ ದಿನ ನೀನಿಟ್ಕೊಳಮ್ಮ. ನಾನೇನೂ ಅನ್ಕೊಳಲ್ಲ.”

ಅವರು ಹಾಗೆ ಹೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಬುಧವಾರ ಬೆಳಿಗ್ಗೆ ಮೂರನ್ನೂ, ಕಪ್ಪು ಹಬ್, ಎಂಟರದು, ಗಿಡ್ಡ ತಂತಿ, ಬ್ಯಾಗಿಗೆ ಹಾಕಿಕೊಂಡು ಹೊರಟೆ. ಶಿಡ್ಲಘಟ್ಟದಲ್ಲಿ ಇಳಿಯುವವರೆಗೂ ಕೊಡುತ್ತೇನೋ ಇಲ್ಲವೋ ತಿಳಿದಿರಲಿಲ್ಲ.

ಕಾಲೇಜಿನ ಗೇಟಿನ ಹೊರಗೆ ನಿಂತು ಫೋನ್ ಮಾಡಿದೆ. ಮುರಳಿಮೋಹನ್ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು ಬಂದರು. ಒಳಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಒಳಗೆ ಬನ್ನಿ ಎಂದವರು ನನ್ನ ಮುಖ ನೋಡಿ ತಾವೂ ಗೇಟಿನ ಹೊರಗೇ ನಿಂತರು.

“ನಿಮ್ಮ ಕೆಲಸ ಇದ್ರೆ ಇಟ್ಕೊಳಿ ಮೇಡಂ. ನಿಜವಾಗ್ಲೂ. ನಾನು ಹೆಂಗೋ ಮ್ಯಾನೇಜ್ ಮಾಡ್ತೀನಿ.”

ಇಟ್ಟುಕೊಳ್ಳುತ್ತೇನೆ ಎಂದಿದ್ದರೆ ಇವರು ಇಲ್ಲ ಎನ್ನುತ್ತಿರಲಿಲ್ಲ. ಎಂಟು ತಿಂಗಳೂ ಇಲ್ಲ ಎಂದಿರಲಿಲ್ಲ.

“ಬೇರೆ ತಗೊಂಡಿದೀನಿ ಸಾರ್.”

“ಯಾವುದು?”

“ಎಂಟರದು.”

“ಅದ್ರಲ್ಲಿ ವಿಜಿಎ ಇದೆಯಾ? ನೀಲಿದು? ಯೂನಿವರ್ಸಿಟೀಲೆಲ್ಲ ಇನ್ನೂ ಅದೇ ಇರುತ್ತೆ.”

ಇದೆ ಎಂದೆ. ಹನ್ನೆರಡು ಎಣಿಸುವಷ್ಟು ಹೊತ್ತು ಚಿತ್ರ ನಿಲ್ಲಿಸುವ ಗಿಡ್ಡ ತಂತಿ ಬ್ಯಾಗಿನಲ್ಲಿತ್ತು. ಕಪ್ಪು ಹಬ್ಬನ್ನು ಅವರ ಕೈಗೆ ಕೊಟ್ಟೆ. ಅಭ್ಯಾಸಬಲದಿಂದ ಅವರು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ಗೇಟಿನ ಕಂಬಕ್ಕೆ ಒರಗಿಸಿಕೊಂಡು ಅದನ್ನು ಸಿಕ್ಕಿಸಿದರು. ತುದಿಯಲ್ಲಿ ಸಣ್ಣ ಬೆಳಕು ಹತ್ತಿತು. ನನ್ನೆದುರಿಗೇ ಪರೀಕ್ಷಿಸಿದ್ದಕ್ಕೆ ಅವರಿಗೆ ನಾಚಿಕೆಯಾಯಿತು. ಬೇಗ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು.

“ಸರಿ ಇದೆ ಮೇಡಂ,” ಎಂದರು.