ಬಾನಿಯೊಳಗಿನ ನಾನು, ಭರಣಿಯೊಳಗಿನ ನಾನು

ನಾನು ನೂಲಿಗೆ ನೀಲಿ ಬಣ್ಣ ಹಾಕುವ ಬಾನಿಯೊಳಗೆ ಬದುಕುವ ಒಂದು ಸೂಕ್ಷ್ಮಜೀವಿ. ‘ಒಂದು’ ಎಂದೆನಲ್ಲ, ಆ ಮಾತನ್ನು ಪೂರ್ತಿ ನಂಬಬೇಡಿ. ಬೆಳಿಗ್ಗೆ ಒಂದಾಗಿದ್ದ ನಾನು ಮಧ್ಯಾಹ್ನಕ್ಕೆ ನಡು ಸೀಳಿಕೊಂಡು ಎರಡಾಗಿರುತ್ತೇನೆ, ಸಂಜೆಗೆ ನಾಲ್ಕು. ಅದರಲ್ಲಿ ಹಳೆಯ ನಾನು ಯಾವುದು, ಹೊಸ ನಾನು ಯಾವುದು ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಹಾಗಾಗಿ ನನಗೆ ನನ್ನ ಮೇಲೆಯೇ ನಂಬಿಕೆ ಅಷ್ಟಕ್ಕಷ್ಟೆ. ಇನ್ನು ಮನುಷ್ಯರನ್ನು ನಂಬುವುದು ದೂರದ ಮಾತು.

ನಾನು ಹುಟ್ಟಿದ್ದು ತಗಚೆ ಬೀಜದ ಸಿಪ್ಪೆಯ ಮೇಲೆ. ಮಳೆ ಬಿದ್ದ ಮೇಲೆ ದಾರಿಯ ಬದಿಗೆ ತಾನಾಗಿಯೇ ಏಳುವ, ಹಳದಿ ಹೂವಿನ ಗಿಡ ಅದು. ಯಾರ ತಂಟೆಗೂ ಹೋಗದೆ ಬಿಸಿಲು ಕಾಯಿಸಿಕೊಂಡಿದ್ದೆ. ಮಲಪ್ರಭೆಯ ದಂಡೆಯ ಊರಿನ ಬಣ್ಣಗಾರ ಅಡಿವೆಪ್ಪ ಬಂದು ಕಾಯಿ ಬಡಿದು, ಬೀಜವನ್ನು ಚೀಲಕ್ಕೆ ತುಂಬಿ, ಮನೆಗೆ ಒಯ್ದು ಹಂಡೆಯಲ್ಲಿ ಕುದಿಸಿದ. ಮಾಡಿದ ತಪ್ಪೇನು ಎಂದು ಒಂದು ಮಾತು ಕೂಡ ಹೇಳಲಿಲ್ಲ. ಜಗತ್ತಿನ ಬಗ್ಗೆ ನನ್ನ ಅನುಮಾನ ಶುರುವಾದದ್ದು ಅಂದೇ.

ನನ್ನ ಕುಲದವರಿಗೆ ಒಂದು ವಿದ್ಯೆ ಗೊತ್ತು. ಕಷ್ಟ ಬಂದಾಗ ಗಟ್ಟಿಯಾದ ಚಿಪ್ಪು ಕಟ್ಟಿಕೊಂಡು ಒಳಗೆ ಕುಳಿತುಬಿಡುತ್ತೇವೆ. ಊಟವಿಲ್ಲ, ಉಸಿರಿಲ್ಲ. ಕುದಿಯುವ ನೀರೂ ಆ ಬಾಗಿಲನ್ನು ತೆರೆಸಲಾರದು. ಹಾಗೆ ಕುಳಿತವನಿಗೆ ಹೊರಗೆ ಬೆಚ್ಚಗಾಯಿತು ಅನ್ನಿಸಿದಾಗ ಇಣುಕಿ ನೋಡಿದೆ. ಕುತ್ತಿಗೆಯವರೆಗೆ ನೆಲದಲ್ಲಿ ಹೂತಿಟ್ಟ ದೊಡ್ಡ ಮಣ್ಣಿನ ಬಾನಿ. ಒಳಗೆ ಕತ್ತಲು, ಸುಣ್ಣದ ಘಾಟು, ಕರಗದೆ ಕೂತ ನೀಲಿಯ ಪುಡಿ. ಮೇಲಿನಿಂದ ಒಂದು ಬೆಲ್ಲದ ತುಂಡು ಇಳಿದು ಬಂತು.

ಪುಕ್ಕಟೆ ಬಂದ ಬೆಲ್ಲ ನೋಡಿ ನನಗೆ ಖುಷಿಗಿಂತ ಹೆಚ್ಚಾಗಿ ಗುಮಾನಿಯೇ ಆಯಿತು. ಗುಮಾನಿ ಸುಳ್ಳಾಗಲಿಲ್ಲ. ಬೆಲ್ಲ ತಿಂದರೆ ನನ್ನೊಳಗೆ ಉಳಿಯುವುದನ್ನು ಎಲ್ಲಾದರೂ ದಾಟಿಸಬೇಕು. ಬಯಲಿನಲ್ಲಿದ್ದರೆ ಗಾಳಿಗೆ ದಾಟಿಸುತ್ತಿದ್ದೆ. ಮುಚ್ಚಳದ ಮೇಲೆ ಕಂಬಳಿ ಹೊದಿಸಿದ ಬಾನಿಯಲ್ಲಿ ಗಾಳಿ ಎಲ್ಲಿಯದು? ನೀಲಿಗೇ ದಾಟಿಸಿದೆ. ಅದನ್ನು ಪಡೆದ ನೀಲಿ ಬಣ್ಣ ಬಿಟ್ಟು, ಹಳದಿ ಹಸಿರಾಗಿ ನೀರಿನಲ್ಲಿ ಕರಗಿತು. ಅಡಿವೆಪ್ಪ ಆ ನೀರಿನಲ್ಲಿ ನೂಲಿನ ಲಡಿ ಅದ್ದಿ ಮೇಲೆತ್ತಿದ. ಹಸಿರಾಗಿ ಎದ್ದ ನೂಲು ಗಾಳಿ ತಾಕುತ್ತಿದ್ದಂತೆ ಅವನ ಕೈಯಲ್ಲೇ ನೀಲಿಗೆ ತಿರುಗಿತು. ಅವನು ನೂಲನ್ನು ಕಣ್ಣಿಗೆ ಒತ್ತಿಕೊಂಡ. ಅವನು ನನ್ನಿಂದ ಕೆಲಸ ತೆಗೆಯುತ್ತಿದ್ದ, ನಾನು ಅವನಿಂದ ಬೆಲ್ಲ ತೆಗೆಯುತ್ತಿದ್ದೆ. ಇದನ್ನು ಸ್ನೇಹ ಎನ್ನುವುದೋ ಬೇಡವೋ ಎಂದು ಆಗಿನಿಂದ ಯೋಚಿಸುತ್ತಲೇ ಇದ್ದೇನೆ.

ಇಷ್ಟರಲ್ಲೂ ಒಂದು ಪೇಚಿತ್ತು. ಬೆಲ್ಲ ಹೆಚ್ಚಾದರೆ ನಾನು ಹುಳಿ ಬಿಡುತ್ತೇನೆ, ಆ ಹುಳಿಯಲ್ಲೇ ಮುಳುಗಿ ಸಾಯುತ್ತೇನೆ. ಹುಳಿ ಮುರಿಯಲು ಸುಣ್ಣ ಬೇಕು. ಸುಣ್ಣ ಹೆಚ್ಚಾದರೆ ಅದೂ ಸಾವೇ. ಎಷ್ಟು ಬೆಲ್ಲ, ಎಷ್ಟು ಸುಣ್ಣ ಎಂದು ತಿಳಿಯಲು ಅಡಿವೆಪ್ಪ ಬೆಳಿಗ್ಗೆ ಎದ್ದವನೇ ಬಾನಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಆಮೇಲೆ ಮೂಸಿ ನೋಡುತ್ತಿದ್ದ. “ನಾಲಗಿ ಕೇಳಿದಷ್ಟು ಹಾಕಬೇಕು” ಎನ್ನುವುದು ಅವನ ಮಾತು. ನಾನೂ ಅವನ ನಾಲಿಗೆಯ ಮೇಲೆ ಹೋಗಿ ಬಂದಿದ್ದೇನೆ. ಅಲ್ಲಿ ಬೇರೆಯೇ ಸೂಕ್ಷ್ಮಜೀವಿಗಳ ಓಣಿಯಿದೆ. ಅನ್ನದ ಅಗುಳಿಗಾಗಿ ಜಗಳವಾಡುವ ಅವರು ನನ್ನನ್ನು ಕಂಡು ಯಾರ ಪೈಕಿ, ಯಾಕೆ ಬಂದೆ ಎಂದು ವಿಚಾರಣೆ ಮಾಡಿದರು. ನಾನಾದರೂ ಅದನ್ನೇ ಕೇಳುತ್ತಿದ್ದೆ.

ಅಡಿವೆಪ್ಪನ ನಂತರ ಬಾನಿ ಅವನ ಮಗ ಗದಿಗೆಪ್ಪನ ಕೈಗೆ ಬಂತು. ಇವನ ನಾಲಿಗೆ ಅಪ್ಪನದಕ್ಕಿಂತ ಚುರುಕು. ನೀರು ಯಾವ ಬಾವಿಯದು ಎಂದು ಒಂದು ಗುಟುಕಿಗೆ ಹೇಳುತ್ತಿದ್ದ. ಮನೆಯಲ್ಲಿ ಪಲ್ಯಕ್ಕೆ ಒಂದು ಕಲ್ಲು ಉಪ್ಪು ಹೆಚ್ಚಾದರೂ ತಾಟು ಸರಿಸುತ್ತಿದ್ದ. ಅವನ ಹೆಂಡತಿ ನಿಂಬೆವ್ವ ಅದನ್ನು ಸಹಿಸಿಕೊಂಡೇ ಮುದುಕಿಯಾದಳು. ಓಣಿಯಲ್ಲಿದ್ದ ಏಳು ನೀಲಿ ಬಾನಿಗಳ ಪೈಕಿ ಆರು ಅವನ ಕಾಲದಲ್ಲೇ ಮಣ್ಣು ಸೇರಿದವು. ಅಂಗಡಿಯ ಪೊಟ್ಟಣದ ಬಣ್ಣ ಬಂದಿತ್ತು. ಕಪ್ಪೆನ್ನುವಷ್ಟು ಕಡುಬಣ್ಣದ ಚಂದ್ರಕಾಳಿ ಸೀರೆಗೆ ಹಳೆಯ ನೀಲಿಯೇ ಬೇಕು ಎನ್ನುವ ನಾಲ್ಕಾರು ನೇಕಾರರಿಗಾಗಿ ನಮ್ಮದೊಂದು ಉಳಿಯಿತು. ಮೊದಲಾದರೆ ಒಂದು ಬಾನಿ ಸತ್ತರೆ ಪಕ್ಕದ ಮನೆಯಿಂದ ಒಂದು ಚೆಂಬು ನೀರು ತಂದು ಜೀವ ತುಂಬುತ್ತಿದ್ದರು. ಈಗ ನಾನು ಸತ್ತರೆ ಯಾರ ಮನೆಗೂ ಹೋಗುವಂತಿರಲಿಲ್ಲ.

ಹೀಗಿರುವಾಗ ಸೊಸೆ ಬಂದಳು, ಕಸ್ತೂರಿ. ಅವಳ ಗಂಡ ಇಚಲಕರಂಜಿಯಲ್ಲಿ ಮಗ್ಗ ರಿಪೇರಿ ಮಾಡುವವ, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಹೆಂಗಸರ ನೆರಳು ಬಿದ್ದರೆ ಬಾನಿ ಮುನಿಯುತ್ತದೆ ಎಂಬುದು ಆ ಮನೆಯ ಕಟ್ಟುನಿಟ್ಟು. ನನಗೆ ನೆರಳು ಬೆಳಕಿನ ಹಂಗೇ ಇಲ್ಲ, ಆದರೆ ನನ್ನನ್ನು ಕೇಳಿದವರು ಯಾರು? ಕಸ್ತೂರಿ ಅದನ್ನು ನಂಬಲಿಲ್ಲ. ಮಾವ ನೂಲು ಕೊಡಲು ಹೋದಾಗ, ಅತ್ತೆ ಹೊಳೆಗೆ ಹೋದಾಗ ಮುಚ್ಚಳ ಸರಿಸುತ್ತಿದ್ದಳು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಮೇಲೆ ಒಂದು ಚೆಂಬು ನೀರು ಎತ್ತಿಕೊಂಡು, ಅಷ್ಟೇ ಬಿಸಿನೀರು ಸುರಿದು, ಹಿತ್ತಿಲಿಗೆ ನಡೆಯುತ್ತಿದ್ದಳು.

ಕಳ್ಳಿ! ನನ್ನನ್ನು ಎಲ್ಲಿಗೆ ಒಯ್ಯುತ್ತಾಳೆ? ಚರಂಡಿಗೆ ಚೆಲ್ಲುತ್ತಾಳೋ, ಪೊಟ್ಟಣದ ಬಣ್ಣದವರಿಗೆ ಕೊಡುತ್ತಾಳೋ? ಒಯ್ದ ನಾನು ಒಮ್ಮೆಯೂ ಹಿಂದಿರುಗಿ ಬಂದು ಸಮಾಚಾರ ಹೇಳಲಿಲ್ಲ. ಎರಡು ವರ್ಷ ಅವಳ ಬಳೆಯ ಸದ್ದು ಕೇಳಿದರೆ ತಳಕ್ಕೆ ಇಳಿದು ಕೂರುತ್ತಿದ್ದೆ.

ಆಮೇಲೆ ಆ ಕೆಟ್ಟ ವರ್ಷ ಬಂತು. ಜನ ಮೂಗು ಬಾಯಿ ಮುಚ್ಚಿಕೊಂಡು ಓಡಾಡಿದ ವರ್ಷ. ಬಸ್ಸು ನಿಂತು ಕಸ್ತೂರಿಯ ಗಂಡ ಇಚಲಕರಂಜಿಯಲ್ಲೇ ಉಳಿದ. ಆ ರೋಗ ತಂದ ವೈರಸ್ಸನ್ನು ನನ್ನ ನೆಂಟ ಎಂದುಕೊಳ್ಳಬೇಡಿ. ಸ್ವಂತ ಮನೆಯಿಲ್ಲದೆ ಇನ್ನೊಬ್ಬರ ಜೀವಕೋಶ ಹೊಕ್ಕು ಹೆರುವ ಜಾತಿ ಅದು. ನಾನು ದುಡಿದು ತಿನ್ನುವವನು. ಆದರೂ ಮನುಷ್ಯರು ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದರು. ಕಣ್ಣಿಗೆ ಕಾಣದ್ದೆಲ್ಲ ಶತ್ರು ಎಂದರು. ಗದಿಗೆಪ್ಪನ ಬೆರಳಿಗೆ ಔಷಧಿ ಸೋಪಿನ ವಾಸನೆ ಹತ್ತಿತು. ನನ್ನ ಅನುಮಾನದ ಪಟ್ಟಿಗೆ ಆ ಸೋಪೂ ಸೇರಿತು.

ಗದಿಗೆಪ್ಪನಿಗೆ ಆರು ದಿನ ಜ್ವರ ಬಂತು. ಏಳನೆಯ ದಿನ ಎದ್ದು ಬಂದು ಬಾನಿಗೆ ಬೆರಳು ಅದ್ದಿದ. ನಾಲಿಗೆಗೆ ಮುಟ್ಟಿಸಿದ. ಮತ್ತೆ ಅದ್ದಿದ. ನಂತರ ಒಂದು ಹಿಡಿ ಬೆಲ್ಲ ಹಾಕಿದ. ಅಂದು ನನಗೆ ಹಸಿವೇ ಇರಲಿಲ್ಲ.

ಮರುದಿನ ಮತ್ತೆ ಬೆಲ್ಲ. ಬಾನಿ ಹುಳಿಯಾಗತೊಡಗಿತು. ಮೂಗಿದ್ದವರಿಗೆ ಪಡಸಾಲೆಯಿಂದಲೇ ವಾಸನೆ ಗೊತ್ತಾಗುವಂತಿತ್ತು, ಅವನು ಮಾತ್ರ ಮೂಸಿ ಮೂಸಿ ತಲೆ ಅಲ್ಲಾಡಿಸಿದ. ನೂಲು ಮಸಿಬಟ್ಟೆಯ ಬಣ್ಣಕ್ಕೆ ಎದ್ದುಬಂದಾಗ ಗಾಬರಿಯಾಗಿ ಸುಣ್ಣ ಸುರಿದ. ಒಂದು ಸಲಕ್ಕೆ ಸಾಕಿತ್ತು, ಮೂರು ಸಲ ಸುರಿದ. ನಾನು ಸಾವಿರ ಸಾವಿರವಾಗಿ ಸತ್ತೆ. ನಲವತ್ತು ವರ್ಷ ಸಾಕಿದ ಕೈ ನನ್ನನ್ನು ಕೊಲ್ಲುತ್ತಿದೆ ಎಂದು ಮನಸ್ಸಿಗೆ ಬರಲೇ ಇಲ್ಲ. ಕಸ್ತೂರಿ ಚೆಂಬಿನಲ್ಲಿ ಏನೋ ಬೆರೆಸಿದ್ದಾಳೆ ಎಂದೇ ಅಂದುಕೊಂಡೆ. ಉಳಿದ ಕೆಲವೇ ಕೆಲವರು ತಳದ ಗಸಿಗೆ ಇಳಿದು, ಚಿಪ್ಪು ಕಟ್ಟಿಕೊಂಡು ಬಾಗಿಲು ಹಾಕಿಕೊಂಡೆವು.

ಗದಿಗೆಪ್ಪನೂ ಹಾಗೆಯೇ ಅಂದುಕೊಂಡಿದ್ದ. ಒಂದು ಮಧ್ಯಾಹ್ನ ಬಾನಿಯ ಪಕ್ಕಕ್ಕೆ ಅವಳನ್ನು ಕರೆದ.

“ಕೈ ಚಾಚು. ಉಗುರು ತೋರಸು.”

ಕಸ್ತೂರಿ ಚಾಚಿದಳು. ಉಗುರಿನ ಸಂದಿಯಲ್ಲಿ ನೀಲಿ.

“ನೋಡಿದೇನು?” ಎಂದು ಅವನು ಹೆಂಡತಿಯ ಕಡೆ ತಿರುಗಿದ. “ನಮ್ಮಪ್ಪ ಸುಮ್ನ ಹೇಳಿದ್ನೇನು ಹೆಣ್ಮಕ್ಕಳು ಬಾನಿ ಹತ್ರ ಬರಬಾರ್ದು ಅಂತ? ಅರವತ್ತು ವರ್ಷದ ಬಾನಿ ಕೊಂದ್ಲು ಈಕಿ.”

ನಿಂಬೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಏನ್ ಮಾಡ್ಕೊಂಡಿ ಕಸ್ತೂರಿ! ಖರೇನಽ ಮುಟ್ಟಿದೇನು?”

“ಮುಟ್ಟೇನಿ ಅತ್ತೆವ್ವ. ಕೆಡಿಸಿಲ್ಲ.” ಕಸ್ತೂರಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. “ಮಾವಾರ, ನಾನೂ ಒಂದು ಕೇಳ್ತೀನಿ. ಮೊನ್ನಿ ಬದನಿಕಾಯಿ ಪಲ್ಯಾಕ ಉಪ್ಪು ಹಾಕೋದು ಮರ್ತಿದ್ದೆ. ಅತ್ತೆವ್ವ, ನಾನು ಮ್ಯಾಲ ಹಾಕ್ಕೊಂಡು ಉಂಡ್ವಿ. ನೀವು ಹಾಂಗಽ ಉಂಡು ಎದ್ರಿ. ಒಂದು ಮಾತು ಬೈಲಿಲ್ಲ. ಯಾಕ್ರೀ?”

ಅವಳು ಒಳಗೆ ಹೋಗಿ ಎರಡು ಬಟ್ಟಲು ತಂದು ಅವನ ಮುಂದಿಟ್ಟಳು. ಎರಡರಲ್ಲೂ ಕೆಂಪಗಿನ ನೀರು.

“ಒಂದರಾಗ ಬೆಲ್ಲ ಐತಿ, ಒಂದರಾಗ ಹುಣಸಿಹಣ್ಣು. ಯಾವುದು ಯಾವುದು ಹೇಳ್ರಿ. ಬರೋಬರಿ ಹೇಳಿದ್ರ ನಾ ಇವತ್ತಽ ತವರಮನಿ ಹಾದಿ ಹಿಡಿತೀನಿ.”

ಬಾನಿಯ ಮುಚ್ಚಳ ತೆರೆದೇ ಇತ್ತು. ಚಿಪ್ಪಿನೊಳಗಿಂದಲೇ ನಾನು ಕಿವಿಗೊಟ್ಟೆ. ಅವನು ಮೊದಲ ಬಟ್ಟಲನ್ನು ಕುಡಿದ. ಎರಡನೆಯದನ್ನು ಕುಡಿದ. ಮತ್ತೆ ಮೊದಲಿನದನ್ನು ಎತ್ತಿ, ಮೂಸಿ, ತಳದವರೆಗೆ ಕುಡಿದು ಕೆಳಗಿಟ್ಟ.

“ಎರಡೂ ನೀರಽ” ಎಂದ.

ನಿಂಬೆವ್ವ ಅವನ ಹತ್ತಿರ ಬಂದು ಕೂತಳು.

“ಯಾವಾಗಿಂದ?”

“ಜ್ವರ ಬಂದಾಗಿಂದ.”

“ನನ್ನ ಮುಂದಾದ್ರೂ ಹೇಳಬಾರದಾಗಿತ್ತೇನು?”

“ನಾಲಗಿ ಹೋತು ಅಂತ ಹೇಳಿದ ಮ್ಯಾಲ ನಂದು ಅಂತ ಉಳಿಯೋದೇನೈತಿ?” ಎಂದು ಗದಿಗೆಪ್ಪ ಬಾನಿಯ ಕಟ್ಟೆಗೆ ತಲೆಯಿಟ್ಟು ಅತ್ತ. ಅವನ ಕಣ್ಣೀರು ಒಂದೆರಡು ಹನಿ ಒಳಗೆ ಬಿತ್ತು. ಅದು ಉಪ್ಪಾಗಿತ್ತು. ನನಗೆ ಗೊತ್ತಾಯಿತು, ಅವನಿಗೆ ಗೊತ್ತಾಗುತ್ತಿರಲಿಲ್ಲ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪಾಪ ಅನ್ನಿಸಿತು.

ಕಸ್ತೂರಿ ಹಿತ್ತಿಲಿಗೆ ಹೋದಳು. ಬಚ್ಚಲ ಒಲೆಯ ಪಕ್ಕ, ಬೆಚ್ಚನೆಯ ಬೂದಿಯಲ್ಲಿ ಹೂತಿಟ್ಟಿದ್ದ ಒಂದು ಉಪ್ಪಿನಕಾಯಿ ಭರಣಿಯನ್ನು ಎತ್ತಿ ತಂದಳು. ಬಟ್ಟೆ ಬಿಚ್ಚಿದಾಗ ಮೇಲೆ ತಾಮ್ರದ ಹೊಳಪಿನ ಕೆನೆ, ನಡುವೆ ನೀಲಿ ನೊರೆ. ಚರಂಡಿ ಪಾಲಾದೆ ಎಂದು ನಾನು ಅತ್ತುಕೊಂಡಿದ್ದೆನಲ್ಲ, ಆ ನಾನು ಅಲ್ಲಿ ಎರಡು ವರ್ಷದಿಂದ ಹೊಟ್ಟೆ ತುಂಬ ತಿಂದುಕೊಂಡು ಬದುಕಿದ್ದೆ.

ಗದಿಗೆಪ್ಪ ಭರಣಿಯನ್ನು ನೋಡಿದ, ಸೊಸೆಯನ್ನು ನೋಡಿದ. ಬೈಗುಳ ಬರುತ್ತದೆ ಎಂದು ನಿಂಬೆವ್ವ ನಡುವೆ ಬಂದು ನಿಂತಳು. ಬಂದದ್ದು ಕಸುಬಿನ ಪ್ರಶ್ನೆ.

“ಬೆಲ್ಲ ಎಷ್ಟು ಹಾಕ್ತಿದ್ದಿ?”

“ನಾಲಗಿ ಕೇಳಿದಷ್ಟು” ಎಂದಳು ಕಸ್ತೂರಿ.

ಅವನ ಅಪ್ಪನ ಮಾತು ಅದು. ಅವನು ಎದ್ದು ತೋಳು ಮಡಚಿ ಬಾನಿಯ ಮೇಲಿನ ಕೆಟ್ಟ ನೀರನ್ನೆಲ್ಲ ಎತ್ತಿ ಹೊರಗೆ ಹಾಕಿದ. ತಳದ ಗಸಿಯನ್ನು ಹಾಗೇ ಬಿಟ್ಟ. ತಗಚೆ ಬೇಯಿಸಿದ ನೀರು ಬಂತು, ಹೊಸ ನೀಲಿ ಬಂತು. ಕಸ್ತೂರಿ ಅರ್ಧ ಭರಣಿ ಸುರಿದಳು.

ಹಾಗೆ ಸುರಿದು ಬಂದ ನಾನು ಗಸಿಯಲ್ಲಿದ್ದ ನನ್ನ ಬಾಗಿಲು ಬಡಿದೆ. ತೆರೆಯಲು ನಾನು ಎರಡು ದಿನ ಸತಾಯಿಸಿದೆ. ಯಾರು, ಯಾರ ಕಡೆಯವರು, ಕಳ್ಳಿ ಕಳಿಸಿದಳೇ ಎಂದು ಒಳಗಿನಿಂದಲೇ ಕೇಳಿದೆ. ನನ್ನದೇ ದನಿಯನ್ನೂ ನಂಬದಷ್ಟು ಕೆಟ್ಟುಹೋಗಿದ್ದೆ. ಆದರೆ ಆ ನಾನು ತಂದಿದ್ದ ಬೆಲ್ಲದ ರುಚಿ ಹದವಾಗಿತ್ತು. ಮೂರನೆಯ ದಿನ ಚಿಪ್ಪು ಒಡೆದೆ. ಎಂಟನೆಯ ದಿನ ಬಾನಿಯ ಮೇಲೆ ನೀಲಿ ನೊರೆ ಎದ್ದಿತು. ಗದಿಗೆಪ್ಪ ಅದ್ದಿದ ಮೊದಲ ಲಡಿ ಹಸಿರಾಗಿ ಎದ್ದು, ಗಾಳಿ ಕುಡಿದು ನೀಲಿಯಾಯಿತು. ಅವನು ಅದನ್ನು ತನ್ನ ಕಣ್ಣಿಗೆ ಒತ್ತಿಕೊಳ್ಳದೆ ಸೊಸೆಯ ಕೈಗೆ ಕೊಟ್ಟ.

ಈಗ ನನಗೆ ವಯಸ್ಸಾಗಿದೆ ಎಂದರೆ ನೀವು ನಗುತ್ತೀರಿ. ಬಾನಿಗೆ ಆಗಿದೆ ಎನ್ನಿ. ಕಂಠದ ಬಳಿ ಬಿರುಕು ಬಿಟ್ಟು ಗಾರೆ ಹಚ್ಚಿಸಿಕೊಂಡಿದೆ. ಬೆಳಿಗ್ಗೆ ಕಸ್ತೂರಿ ರುಚಿ ನೋಡುತ್ತಾಳೆ, ಗದಿಗೆಪ್ಪ ಪಕ್ಕದಲ್ಲಿ ಕೋಲು ಹಿಡಿದು ಕಾಯುತ್ತಾನೆ. “ಏನಂತೈತಿ?” ಎಂದು ಕೇಳುತ್ತಾನೆ. “ಇವತ್ತು ಏನೂ ಬ್ಯಾಡಂತ” ಎಂದರೆ ಹಾಗೇ ಕಲಕಿ ಮುಚ್ಚುತ್ತಾನೆ. ಅವನ ನಾಲಿಗೆ ಪೂರ್ತಿ ಮರಳಲಿಲ್ಲ. ಖಾರ ಅಷ್ಟಿಷ್ಟು ಗೊತ್ತಾಗುತ್ತದಂತೆ, ಸಿಹಿ ಇಲ್ಲ.

ಕಸ್ತೂರಿ ಮಾತ್ರ ಉಳಿದ ಅರ್ಧ ಭರಣಿಯನ್ನು ಬಿಸಾಡಲಿಲ್ಲ. ಮತ್ತೆ ಅದೇ ಬೂದಿಯಲ್ಲಿ ಹೂತಿಟ್ಟಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಮಾವನ ಮೇಲೆ ಅವಳಿಗೆ ಇನ್ನೂ ಗುಮಾನಿ ಇರಬೇಕು. ಇರಲಿ ಬಿಡಿ, ನನ್ನ ಅರ್ಧ ಜೀವ ಉಳಿದದ್ದು ಅದರಿಂದಲೇ.

ಮೊನ್ನೆ ಅವಳು ಹೊಳೆಗೆ ಹೋಗಿದ್ದಾಗ ಭರಣಿಯೊಳಗಿನ ನನಗೆ ಬೂದಿ ಸರಿದ ಸದ್ದು ಕೇಳಿತು. ಬಳೆಯ ಸದ್ದಿಲ್ಲ. ಮೇಲಿನ ಬಟ್ಟೆ ಬಿಚ್ಚಿಕೊಂಡಿತು. ಗದಿಗೆಪ್ಪನ ಕೈ. ಬಂದನಲ್ಲ, ಈಗ ಚೆಲ್ಲುತ್ತಾನೆ, ಮನೆಯಲ್ಲಿ ಇನ್ನೊಬ್ಬರ ಕೈಯಲ್ಲಿ ಬಾನಿ ಇರುವುದನ್ನು ಈ ಮನುಷ್ಯ ಹೇಗೆ ಸಹಿಸುತ್ತಾನೆ ಎಂದು ಚಿಪ್ಪು ಕಟ್ಟಲು ಶುರುಮಾಡಿದೆ. ಅವನು ಅತ್ತಿತ್ತ ನೋಡಿ, ಅಂಗಿಯ ಜೇಬಿನಿಂದ ಒಂದು ಚೂರು ಬೆಲ್ಲ ತೆಗೆದು ಒಳಗೆ ಹಾಕಿ, ಬಟ್ಟೆ ಮೊದಲಿದ್ದ ಹಾಗೆಯೇ ಕಟ್ಟಿ, ಬೂದಿ ಮುಚ್ಚಿ ಹೋದ.

ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಅವನಿಗೆ ಗೊತ್ತಾಗುವುದಿಲ್ಲವಲ್ಲ. ನಾನು ಏನೂ ಅನ್ನದೆ ತಿಂದೆ.